ಮನೆಗೆ ಅರವತ್ತು ವರ್ಷ ಕಡಿಮೆಯಾದದ್ದು

ನಮ್ಮ ಮನೆ ಮುಮ್ಮಡಿಯವರ ಕಾಲದ್ದು ಅಂತ ಸ್ಕೂಲಿನಲ್ಲಿ ನಾನು ಎಷ್ಟು ಸಲ ಜಂಬ ಕೊಚ್ಚಿಕೊಂಡಿದ್ದೇನೋ ಲೆಕ್ಕವಿಲ್ಲ. ಮೈಸೂರಿನ ಅಗ್ರಹಾರದ ಹತ್ತಿರದ ಗಲ್ಲಿ, ಜಗಲಿ, ಹಜಾರ, ತೊಟ್ಟಿ, ಹಿತ್ತಿಲು. ನಡುಮನೆಯ ತೊಲೆಯ ಮೇಲೆ ಬಡಗಿ ಕೆತ್ತಿದ ಒಂದು ಸಾಲು: ‘ವಿಭವ ಸಂ|| ವೈಶಾಖ ಶು|| ೧೫ ಶುಕ್ರವಾರ’. ಬೇಸಿಗೆ ರಜೆಯಲ್ಲಿ ಬಂದ ನೆಂಟರ ಮಕ್ಕಳನ್ನೆಲ್ಲ ದೊಡ್ಡಪ್ಪ ಆ ತೊಲೆಯ ಕೆಳಗೆ ನಿಲ್ಲಿಸಿ ಹೇಳುತ್ತಿದ್ದರು: “ವಿಭವ ಅಂದರೆ 1868. ಮುಮ್ಮಡಿ ಕೃಷ್ಣರಾಜ ಒಡೆಯರು ತೀರಿಕೊಂಡ ವರ್ಷ. ಆ ವರ್ಷ ನಮ್ಮ ತಾತ ಈ ಮನೆ ಕಟ್ಟಿಸಿದರು.”

ದೊಡ್ಡಪ್ಪನಿಗೆ ಈಗ ಎಂಬತ್ತನಾಲ್ಕು. ಅವರ ತಾತ 1868ರಲ್ಲಿ ಮನೆ ಕಟ್ಟಿಸಬೇಕಾದರೆ ಯಾವಾಗ ಹುಟ್ಟಿರಬೇಕು ಅನ್ನುವ ಕೂಡು-ಕಳೆ ಲೆಕ್ಕವನ್ನು ನಮ್ಮ ಮನೆಯಲ್ಲಿ ಯಾರೂ ಹಾಕಿರಲಿಲ್ಲ. ನಾನೂ ಹಾಕಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಬ್ಯಾಂಕಿನ ಸಾಲ ವಿಭಾಗದಲ್ಲಿ ಕೂತು, ಊರಿನವರ ಮನೆಗಳ ಮೂಲಪತ್ರ, ಖಾತೆ, ಮೂವತ್ತು ವರ್ಷದ ಇ.ಸಿ. (ಋಣಭಾರ ಪತ್ರ) ತನ್ನಿ ಅಂತ ಗೋಳು ಹೊಯ್ದುಕೊಂಡವಳು ನಾನು. ನಮ್ಮ ಮನೆಯ ಮೂಲಪತ್ರ ಎಲ್ಲಿದೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಕೇಳುವ ಪ್ರಸಂಗ ಬಂದದ್ದು ಫಲಕದಿಂದ. ಹಳೆಯ ಕಟ್ಟಡಗಳ ಬಗ್ಗೆ ಆಸಕ್ತಿ ಇರುವ ಊರಿನ ಒಂದು ಸಣ್ಣ ಬಳಗ, ಖಾಸಗಿ ಮನೆಗಳಿಗೆ ಪರಂಪರೆಯ ಫಲಕ ಹಾಕುತ್ತೇವೆ, ಆಸಕ್ತರು ಅರ್ಜಿ ಕೊಡಿ ಅಂತ ಕರೆದಿತ್ತು. ಅರಮನೆ, ಮಾರುಕಟ್ಟೆ, ಗಡಿಯಾರದ ಗೋಪುರಗಳನ್ನು ಸರ್ಕಾರ ನೋಡಿಕೊಳ್ಳಲಿ, ಜನ ಇನ್ನೂ ಅಡುಗೆ ಮಾಡಿ ಉಣ್ಣುತ್ತಿರುವ ಮನೆಗಳನ್ನು ನಾವು ಗುರುತಿಸೋಣ ಅನ್ನುವುದು ಅವರ ವಾದ. ಅರ್ಜಿ ಒಂದೇ ಹಾಳೆ. ಕಟ್ಟಿಸಿದವರು ಯಾರು? ಯಾವ ವರ್ಷ? ಅವರ ವೃತ್ತಿ ಏನು? ಪ್ರತಿ ಪ್ರಶ್ನೆಯ ಮುಂದೆ ಇನ್ನೊಂದು ಕಾಲಂ: ‘ಆಧಾರ’. ದೊಡ್ಡಪ್ಪ ಹತ್ತು ನಿಮಿಷದಲ್ಲಿ ತುಂಬಿಸಿದರು. ತಾತನ ಹೆಸರು, 1868, ಅರಮನೆಯ ಕಚೇರಿಯಲ್ಲಿ ಗುಮಾಸ್ತೆ. ಮೂರು ಆಧಾರದ ಕಾಲಂಗಳಲ್ಲೂ ‘ಹಿರಿಯರ ಮಾತು’ ಅಂತ ಬರೆದರು. ಅರ್ಜಿ ಮರಳಿ ಬಂತು. ಕೆಳಗೆ ಪೆನ್ಸಿಲ್ಲಿನಲ್ಲಿ ಒಂದು ಸಾಲು: ‘ದಯವಿಟ್ಟು ಕಾಗದದ ಆಧಾರ ಕೊಡಿ, ಕನಿಷ್ಠ ಎರಡು.’

ವೃತ್ತಿ ಯಾಕೆ ಬೇಕು ಅಂತ ನನಗೂ ಅನ್ನಿಸಿತ್ತು. ಬಾಸ್ಟನ್ ಹತ್ತಿರ ಇರುವ ಚಿಕ್ಕಪ್ಪನ ಮಗಳಿಗೆ ಫೋನಿನಲ್ಲಿ ಹೇಳಿದರೆ, ಅವಳು ಪಕ್ಕದ ಸೇಲಂ ಊರಿನ ಬೀದಿಗಳ ಫೋಟೊ ಕಳಿಸಿದಳು. ಅಲ್ಲಿ ಮರದ ಹಳೆಯ ಮನೆಗಳ ಮುಂದೆ ಬಿಳಿಯ ಪುಟ್ಟ ಹಲಗೆಗಳು, ಅವುಗಳ ಮೇಲೆ ಮೊದಲ ಯಜಮಾನನ ಹೆಸರು, ಅವನ ಕಸುಬು, ಇಸವಿ. ನಾವಿಕ, ಬಡಗಿ, ಚಮ್ಮಾರ. ದೊಡ್ಡ ಮನುಷ್ಯ ಹುಟ್ಟಿದ ಮನೆ ಅಂತಲ್ಲ, ಯಾರೋ ಒಬ್ಬ ದುಡಿದು ಕಟ್ಟಿಕೊಂಡ ಮನೆ ಅಂತ. ಲಂಡನ್ನಿನ ನೀಲಿ ಫಲಕಗಳದ್ದು ಬೇರೆ ರೀತಿ, ಅಲ್ಲಿ ಹೆಸರುವಾಸಿಯಾಗಿರಬೇಕು, ಸತ್ತು ಇಪ್ಪತ್ತು ವರ್ಷವೂ ಆಗಿರಬೇಕು. ನಮ್ಮ ಬಳಗ ಸೇಲಂನವರ ದಾರಿ ಹಿಡಿದಂತೆ ಕಂಡಿತು. ನನಗೆ ಅದು ಇಷ್ಟವಾಯಿತು. ನಮ್ಮ ಮನೆಯಲ್ಲಿ ಹೆಸರುವಾಸಿಯಾದವರು ಯಾರೂ ಇಲ್ಲ.

ಮೊದಲ ಆಧಾರ ತಾನಾಗಿ ಸಿಕ್ಕಿತು, ಕೋತಿಗಳ ದಯೆಯಿಂದ. ಹಿತ್ತಿಲ ಕಡೆಯ ಮಾಡಿನ ಮೇಲೆ ಅವು ನಡೆಸುವ ಓಟದಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಹತ್ತಿಪ್ಪತ್ತು ಹೆಂಚು ಬದಲಿಸಬೇಕು. ಆ ವರ್ಷ ಕೆಲಸದವನು ಇಳಿಸಿಟ್ಟ ಹೆಂಚೊಂದನ್ನು ಮಗುಚಿದರೆ ಹೊಟ್ಟೆಯ ಮೇಲೆ ಅಚ್ಚೊತ್ತಿದ ಇಂಗ್ಲಿಷ್ ಅಕ್ಷರ: ಎ. ಆಲ್ಬುಕರ್ಕ್ ಅಂಡ್ ಸನ್ಸ್, ಮಂಗಳೂರು, 1868. ದೊಡ್ಡಪ್ಪ ಹೆಂಚನ್ನು ಎರಡು ಕೈಯಲ್ಲಿ ಹಿಡಿದು ನಡುಮನೆಗೆ ತಂದು ತೊಲೆಯ ಕೆಳಗೆ ನಿಂತರು. ಮೇಲೆ ವಿಭವ, ಕೈಯಲ್ಲಿ 1868. ಕಣ್ಣಲ್ಲಿ ನೀರಿತ್ತು. “ಇನ್ನೇನು ಬೇಕಂತೆ ಅವರಿಗೆ?” ಅಂದರು.

ನನಗೂ ಸಾಕು ಅನ್ನಿಸಿತು. ಎರಡು ವಾರದ ಮೇಲೆ ಗೆಳತಿಯ ಊರಿನ ಶಾಲೆಯಲ್ಲಿ, 1950ರ ದಶಕದಲ್ಲಿ ಕಟ್ಟಿದ್ದು ಅಂತ ಗೋಡೆಯ ಕಲ್ಲೇ ಹೇಳುವ ಕಟ್ಟಡದ ಪಕ್ಕ, ಅದೇ ಹೆಂಚು ರಾಶಿ ಬಿದ್ದಿತ್ತು. ಅದೇ ಹೆಸರು, ಅದೇ 1868. ಆಗ ಹೊಳೆಯಿತು. ಅದು ಹೆಂಚು ಸುಟ್ಟ ವರ್ಷವಲ್ಲ, ಕಾರ್ಖಾನೆ ಹುಟ್ಟಿದ ವರ್ಷ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು, ಅದಾದ ಮೂರು ವರ್ಷಕ್ಕೆ ಆಲ್ಬುಕರ್ಕ್ ಕಾರ್ಖಾನೆ ಶುರುವಾಯಿತು. ಆಮೇಲೆ ಎಷ್ಟೋ ದಶಕ ಹೆಂಚಿನ ಮೇಲೆ ಅದೇ ಇಸವಿ ಒತ್ತುತ್ತಾ ಹೋದರು. ಹೋಟೆಲಿನ ಬೋರ್ಡಿನ ಮೇಲೆ ‘ಸ್ಥಾಪನೆ 1924’ ಅಂತಿದ್ದರೆ ಒಳಗಿನ ಇಡ್ಲಿಯೂ 1924ರದ್ದೇ ಆಗಿರಬೇಕಿಲ್ಲ. ಇಷ್ಟಕ್ಕೂ ಬೆಂಗಳೂರಿನಿಂದ ಮೈಸೂರಿಗೆ ರೈಲು ಬಂದದ್ದೇ 1880ರ ದಶಕದಲ್ಲಿ. ಕಾರ್ಖಾನೆ ತೆರೆದ ವರ್ಷವೇ ಅದರ ಹೆಂಚು ಘಟ್ಟ ಹತ್ತಿ ನಮ್ಮ ಹಿತ್ತಿಲಿಗೆ ಬಂದಿತ್ತು ಅನ್ನುವುದು ಕಷ್ಟ.

ದೊಡ್ಡಪ್ಪನಿಗೆ ಇದನ್ನು ಹೇಳಲಿಲ್ಲ. ತೊಲೆ ಇದೆಯಲ್ಲ ಅಂದುಕೊಂಡೆ.

ತೊಲೆಯ ತೊಡಕು ಗೊತ್ತಿರುವುದೇ. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರ ಅರವತ್ತು, ಆಮೇಲೆ ಮತ್ತೆ ಪ್ರಭವ. ವಿಭವ 1868ರಲ್ಲಿ ಬಂತು, 1928ರಲ್ಲಿ ಬಂತು, 1988ರಲ್ಲೂ ಬಂತು. ಬಡಗಿ ಶಾಲಿವಾಹನ ಶಕೆಯ ಒಂದು ಅಂಕಿ ಕೆತ್ತಿದ್ದರೆ ನಾನು ಇಷ್ಟೆಲ್ಲ ಬರೆಯಬೇಕಿರಲಿಲ್ಲ. ಆದರೆ ಅವನು ಪುಣ್ಯಾತ್ಮ, ವಾರ ಕೆತ್ತಿದ್ದ. ಶಾಸನ ಓದುವುದೇ ವೃತ್ತಿಯಾಗಿದ್ದ ಹಿರಿಯರೊಬ್ಬರು ಪರಿಚಯದಲ್ಲಿದ್ದರು. ಮೈಸೂರಿನಲ್ಲಿ ಅಂಥವರಿಗೆ ಬರವಿಲ್ಲ, ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗದ ಮುಖ್ಯ ಕಚೇರಿ ಇರುವುದೇ ಇಲ್ಲಿ. ಅವರು ಫೋಟೊ ನೋಡಿ ನಕ್ಕರು. “ಗಂಗರ ಕಾಲದ ಕಲ್ಲಿಗೂ ನಾವು ಇದನ್ನೇ ಮಾಡೋದಮ್ಮ. ತಿಥಿಗೂ ವಾರಕ್ಕೂ ಗಂಟು ಹಾಕಿ ನೋಡೋದು” ಅಂದರು. ವೈಶಾಖ ಹುಣ್ಣಿಮೆ 1868ರಲ್ಲಿ ಮೇ ತಿಂಗಳ ಮೊದಲ ವಾರದಲ್ಲಿ ಬರುತ್ತದೆ, ಆದರೆ ಹೇಗೆ ಎಳೆದರೂ ಶುಕ್ರವಾರಕ್ಕೆ ಮುಟ್ಟುವುದಿಲ್ಲ. 1928ರಲ್ಲಿ ಅದು ಮೇ 4, ಶುಕ್ರವಾರ.

ಒಂದು ಕಾಗದದ ಮೇಲೆ ಎರಡು ಸಾಲು ಬರೆದುಕೊಟ್ಟರು. ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಮನೆಗೆ ಬಂದೆ. ಬಾಗಿಲಲ್ಲಿ ನಿಂತಾಗ ಮನೆ ಸ್ವಲ್ಪ ಚಿಕ್ಕದಾದ ಹಾಗೆ ಕಂಡಿತು ಅಂದರೆ ನಗಬೇಡಿ. ಆಮೇಲೆ ಕಣ್ಣಿಗೆ ಬೇರೆಯವೂ ಬೀಳತೊಡಗಿದವು. ಅಡುಗೆಮನೆಯಲ್ಲಿ, ಹಿತ್ತಿಲ ಕೋಣೆಯಲ್ಲಿ ದೀಪದ ಗೂಡುಗಳಿವೆ, ನಡುಮನೆಯ ಗೋಡೆಗಳಲ್ಲಿ ಒಂದೂ ಇಲ್ಲ. ಮೈಸೂರಿಗೆ ವಿದ್ಯುತ್ ದೀಪ ಬಂದದ್ದು 1908ರಲ್ಲಿ. ಕಟ್ಟುವಾಗಲೇ ನಡುಮನೆಗೆ ಬಲ್ಬು ಬರುತ್ತದೆ ಅಂತ ಗೊತ್ತಿದ್ದವರು ಕಟ್ಟಿಸಿದ ಮನೆ ಇದು. ಐವತ್ತು ವರ್ಷ ಆ ಗೋಡೆಗೆ ಒರಗಿ ಕೂತಿದ್ದೇನೆ, ಈಗ ಕಂಡಿತು.

ದೊಡ್ಡಪ್ಪ ಮೂರು ದಿನ ನನ್ನ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಹೊಸ ವಾದ ಸಿದ್ಧವಾಗಿತ್ತು. 1868ರಲ್ಲಿ ಕಟ್ಟಿಸಿದ್ದು ತಾತನ ಅಪ್ಪ, 1928ರಲ್ಲಿ ತೊಲೆ ಹುಳ ಹಿಡಿದು ಬದಲಾಯಿಸಿದ್ದು. ಸುಳ್ಳು ಅನ್ನಲು ನನ್ನ ಹತ್ತಿರವೂ ಕಾಗದವಿರಲಿಲ್ಲ. ಹಾಗಾಗಿ ಕಾಗದ ಹುಡುಕಲು ಹೊರಟೆ.

ಮನೆಯ ಟ್ರಂಕಿನಲ್ಲಿ ಇದ್ದದ್ದು 1974ರ ವಿಭಾಗಪತ್ರ, ಅದರಲ್ಲಿ ‘ಪಿತ್ರಾರ್ಜಿತ ಸ್ವತ್ತು’ ಅಂತ ಒಂದೇ ಮಾತು. ಇನ್ನೊಂದು ಮುನಿಸಿಪಾಲಿಟಿಯ ಕಂದಾಯದ ರಸೀದಿಗಳ ಕಟ್ಟು, ಹುರಿಯಲ್ಲಿ ಪೋಣಿಸಿದ್ದು. ಅತ್ಯಂತ ಹಳೆಯದು 1927-28ರದ್ದು. ಅದರಲ್ಲಿ ‘ನಿವೇಶನ’ ಅಂತಿದೆ. ಮಾರನೆಯ ವರ್ಷದ್ದರಲ್ಲಿ ‘ಮನೆ’ ಅಂತಿದೆ, ಕಂದಾಯ ನೆಗೆದಿದೆ. ತೊಲೆ ಬದಲಾಯಿಸಿದ ವಾದ ಅಲ್ಲಿಗೆ ಬಿತ್ತು. ಆದರೆ ಕಂದಾಯ ಕಟ್ಟಿದವರು ಯಾರು ಅನ್ನುವ ಜಾಗದಲ್ಲಿ, ಹೆಸರು ಬರೆದಿರಬೇಕಾದ ಕಡೆಯೇ ಗೆದ್ದಲು ಊಟ ಮಾಡಿ ಹೋಗಿತ್ತು. ಗೆದ್ದಲಿಗೆ ಯಾವ ಸಾಲು ರುಚಿ ಅನ್ನುವುದು ಹೇಗೆ ತಿಳಿಯುತ್ತದೋ.

ಋಣಭಾರ ಪತ್ರ ಈಗ ಮನೆಯಲ್ಲೇ ಕೂತು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಸಿಗುತ್ತದೆ, 2004ರಿಂದ ಈಚೆಗಿನದು. ಅದಕ್ಕೆ ಹಿಂದಿನದಕ್ಕೆ ಕೈಯಿಂದಲೇ ಹುಡುಕಿಸಬೇಕು. ವರ್ಷಕ್ಕೆ ಇಷ್ಟು ಅಂತ ಶುಲ್ಕ ಕಟ್ಟಿ, ಅರ್ಜಿ ಕೊಟ್ಟು, ಕಾಯಬೇಕು. ನಾನು ಹೋದ ಕಚೇರಿಯಲ್ಲಿ ಮೊದಲ ಸಲ ಪುಸ್ತಕ ಬೈಂಡಿಂಗಿಗೆ ಹೋಗಿತ್ತು, ಎರಡನೆಯ ಸಲ ಬೀಗದ ಕೈ ಇದ್ದವರು ರಜೆ, ಮೂರನೆಯ ಸಲ ಸರ್ವರ್ ಡೌನ್. 1920ರ ದಶಕದ ಕೈಬರಹದ ಪುಸ್ತಕಕ್ಕೂ ಸರ್ವರಿಗೂ ಏನು ಸಂಬಂಧ ಅಂತ ಕೇಳಬೇಕೆನಿಸಿತು. ಬ್ಯಾಂಕಿನಲ್ಲಿ ನಾನೂ ಎಷ್ಟೋ ಜನಕ್ಕೆ ಅದೇ ಮಾತು ಹೇಳಿ ಕಳಿಸಿದ್ದು ನೆನಪಾಗಿ ಸುಮ್ಮನೆ ಬಂದೆ.

ನಾಲ್ಕನೆಯ ಸಲ ಸೂಚಿ ಪುಸ್ತಕಗಳು ಬಂದವು. ನೋಂದಣಿ ಕಚೇರಿಯಲ್ಲಿ ಮನೆ-ಜಮೀನಿನ ಪತ್ರಗಳಿಗೆ ಎರಡು ಬಗೆಯ ಸೂಚಿ ಇಡುತ್ತಾರೆ. ಒಂದು, ಕೊಟ್ಟವರು-ಕೊಂಡವರ ಹೆಸರಿನದು, ಇನ್ನೊಂದು ಸ್ವತ್ತಿನದು. ಹೆಸರಿನ ಸೂಚಿಯಲ್ಲಿ ಮುತ್ತಾತನ ಹೆಸರನ್ನು 1915ರಿಂದ 1930ರವರೆಗೆ ನೋಡಿದೆವು. ಇಲ್ಲ. ಅವರ ಅಪ್ಪನ ಹೆಸರೂ ಇಲ್ಲ. ಸ್ವತ್ತಿನ ಸೂಚಿಯಲ್ಲಿ ಮನೆ ನಂಬರು ಹಿಡಿದು ಹೊರಟರೆ, ನಂಬರು ಮೂರು ಸಲ ಬದಲಾಗಿದೆ. ಅರ್ಧ ದಿನ ಕಳೆಯಿತು. ಪಕ್ಕದ ಮೇಜಿನ, ನಿವೃತ್ತಿ ಹತ್ತಿರ ಬಂದ ಗುಮಾಸ್ತರೊಬ್ಬರು ಕನ್ನಡಕ ಹಣೆಗೇರಿಸಿ ಹೇಳಿದರು: “ಮೇಡಂ, ನಿಮ್ಮ ಮನೆ ಹುಡುಕಬೇಡಿ. ಪಕ್ಕದ ಮನೆ ಹುಡುಕಿ. ಅವರ ಚಕ್ಕುಬಂದಿಯಲ್ಲಿ ನೀವಿರುತ್ತೀರಿ.”

ಇಷ್ಟು ವರ್ಷ ಸಾವಿರಾರು ಪತ್ರ ಓದಿದವಳಿಗೆ ಇದು ಹೊಳೆದಿರಲಿಲ್ಲವಲ್ಲ! ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಸರ್ಕಾರಿ ರಸ್ತೆ, ದಕ್ಷಿಣಕ್ಕೆ ಇಂಥವರ ಹಿತ್ತಿಲು. ಸ್ವತ್ತಿನ ಯಜಮಾನ ತನ್ನ ಬಗ್ಗೆ ಏನು ಬೇಕಾದರೂ ಬರೆಸಿಕೊಳ್ಳಬಹುದು, ಪಕ್ಕದವನ ಹೆಸರನ್ನು ಸುಮ್ಮಸುಮ್ಮನೆ ತಪ್ಪು ಬರೆಸುವುದಿಲ್ಲ. ಪಕ್ಕದ ಮನೆಯವರು ಮೂರು ತಲೆಮಾರಿನಿಂದ ಅಲ್ಲೇ ಇರುವವರು. ಅವರ ಬೀರುವಿನಲ್ಲಿದ್ದ 1931ರ ಕ್ರಯಪತ್ರವನ್ನು ಮಾರನೆಯ ದಿನ ಕಾಫಿಯ ಜೊತೆ ನನ್ನ ಮುಂದಿಟ್ಟರು. ಪೂರ್ವಕ್ಕೆ ನಮ್ಮ ಮನೆ ಇರಬೇಕು. ಅಲ್ಲಿ ಬರೆದಿತ್ತು, ‘…ಅಮ್ಮನವರ ಮನೆ’. ಮುಂದಿನ ಹೆಸರನ್ನು ನಾನು ಯಾವತ್ತೂ ಕೇಳಿರಲಿಲ್ಲ.

ದೊಡ್ಡಪ್ಪನನ್ನು ಕೇಳಿದೆ. ಯಾರೋ ಬಾಡಿಗೆಯವರಿರಬೇಕು ಅಂದರು.

ಆ ಹೆಸರು ಹಿಡಿದು ಮತ್ತೆ ಸೂಚಿಗೆ ಹೋದರೆ ಹತ್ತು ನಿಮಿಷದ ಕೆಲಸ. ಎರಡು ಪತ್ರ ಸಿಕ್ಕವು, ದೃಢೀಕೃತ ನಕಲು ತೆಗೆಸಿದೆ. ಮೊದಲನೆಯದು 1926ರ ಶುದ್ಧ ಕ್ರಯಪತ್ರ. ‘ಬಿದ್ದ ಮಣ್ಣಿನ ಗೋಡೆಗಳುಳ್ಳ ಖಾಲಿ ನಿವೇಶನ’ವನ್ನು ಕೊಂಡವರು ಆಕೆ, ‘ಕೋಂ’ ಅಂತ ಗಂಡನ ಹೆಸರು, ಅದರ ಹಿಂದೆ ‘ದಿವಂಗತ’. ವಯಸ್ಸು ಮೂವತ್ತೊಂದು. ಮುಂದಿನದು ಎಲ್ಲ ಕ್ರಯಪತ್ರದಲ್ಲೂ ಇರುವ ಗದ್ಯವೇ. ಜಲ ತರು ಪಾಷಾಣ ನಿಧಿ ನಿಕ್ಷೇಪಾದಿ ಅಷ್ಟಭೋಗ ತೇಜಸ್ವಾಮ್ಯಗಳನ್ನು ನೀವು ನಿಮ್ಮ ಪುತ್ರ ಪೌತ್ರ ಪಾರಂಪರ್ಯವಾಗಿ ಸುಖದಿಂದ ಅನುಭವಿಸಿಕೊಂಡು ಬರುವುದು. ಬರೆದ ಪತ್ರಬರಹಗಾರನಿಗೂ ಬರೆಸಿದವರಿಗೂ ಗೊತ್ತು, ಮುಂದೆ ಕೂತ ಹೆಂಗಸಿಗೆ ಪುತ್ರರಿಲ್ಲ, ಪೌತ್ರರು ಬರುವುದಿಲ್ಲ. ಆದರೂ ಆ ಸಾಲನ್ನು ಯಾರೂ ಕೈಬಿಡಲಿಲ್ಲ. ಕೆಳಗೆ ಹೆಬ್ಬೆಟ್ಟು ಇರುತ್ತದೆ ಅಂದುಕೊಂಡಿದ್ದೆ. ನೋಂದಣಿ ಪುಸ್ತಕದ ನಕಲಿನಲ್ಲಿ ‘ರುಜು’ ಅಂತಿತ್ತು.

ಎರಡನೆಯದು 1944ರ ದಾನಪತ್ರ. ಬರೆದುಕೊಟ್ಟವರು ಆಕೆಯೇ. ಪಡೆದವರು ‘ನನ್ನ ಖಾಸಾ ಅಣ್ಣನ ಮಗ’, ಅಂದರೆ ನನ್ನ ತಾತ. ಆಗ ಗೊತ್ತಾಯಿತು, ಆಕೆ ಮುತ್ತಾತನ ತಂಗಿ. ಪತ್ರದ ಮೂರು ಮಾತು ನನಗೆ ಈಗ ಬಾಯಿಪಾಠ. ಸ್ವತ್ತು ‘ನನ್ನ ಸ್ತ್ರೀಧನದ ಒಡವೆಗಳನ್ನು ವಿಕ್ರಯಿಸಿ ಬಂದ ಹಣದಿಂದ ಕೊಂಡು, ಮನೆ ಕಟ್ಟಿಸಿದ ನನ್ನ ಸ್ವಯಾರ್ಜಿತ’. ‘ನನ್ನ ಅಣ್ಣನವರು ಸಂಸಾರಸಮೇತ ನನ್ನ ಅನುಮತಿಯಿಂದ ಸದರಿ ಮನೆಯಲ್ಲಿ ವಾಸವಾಗಿರುತ್ತಾರೆ’. ಕೊನೆಯದು: ‘ನನ್ನ ಜೀವಿತಾವಧಿವರೆಗೆ ಹಿತ್ತಿಲ ಕೋಣೆಯಲ್ಲಿ ವಾಸವಾಗಿರುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತೇನೆ’.

ಸಾಲ ಕೊಡುವವಳ ಕಣ್ಣಿಗೆ ಇದು ಬಹಳ ಗಟ್ಟಿಯಾದ ಪತ್ರ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಹೆಂಗಸರ ಆಸ್ತಿ ಹಕ್ಕಿಗೆ ಒಂದು ಕಾಯಿದೆ ಮಾಡಿತ್ತು, ಸ್ತ್ರೀಧನ ಅಂದರೆ ಏನು ಅನ್ನುವುದೂ ಅದರಲ್ಲಿ ಸೇರಿತ್ತು. ಪತ್ರ ಬರೆದ ವಕೀಲರು ತಿಳಿದೇ ಬರೆದಿದ್ದಾರೆ, ಅಥವಾ ಬರೆಸಿದಾಕೆ ತಿಳಿದು ಬರೆಸಿದ್ದಾಳೆ. ನಾನು ಎರಡನೆಯದನ್ನು ನಂಬುತ್ತೇನೆ. ಇದಕ್ಕೆ ಕಾಗದದ ಆಧಾರ ಇಲ್ಲ.

ಪತ್ರವನ್ನು ದೊಡ್ಡಪ್ಪನಿಗೆ ಓದಿ ಹೇಳಿದೆ. ಹಿತ್ತಿಲ ಕೋಣೆ ಅನ್ನುವ ಮಾತು ಬಂದಾಗ ಅವರು ಕೈ ಎತ್ತಿ ನಿಲ್ಲಿಸಿದರು.

“ಕೆಂಪು ಸೀರೆ ಅಜ್ಜಿ” ಅಂದರು.

ಅವರಿಗೆ ಎಂಟೋ ಒಂಬತ್ತೋ ವರ್ಷವಾಗುವವರೆಗೆ ಆ ಕೋಣೆಯಲ್ಲಿ ಒಬ್ಬ ಅಜ್ಜಿ ಇದ್ದರಂತೆ. ತಲೆ ಬೋಳಿಸಿ ಕೆಂಪು ಸೀರೆ ಉಟ್ಟ ಮಡಿ ಹೆಂಗಸು. ಮಕ್ಕಳು ಮುಟ್ಟಿದರೆ ಮತ್ತೆ ಸ್ನಾನ, ಹಾಗಾಗಿ ಹತ್ತಿರ ಹೋಗುವ ಹಾಗಿರಲಿಲ್ಲ. “ಗಂಡ ಸತ್ತಮೇಲೆ ಪಾಪ, ತಾತ ಆಶ್ರಯ ಕೊಟ್ಟಿದ್ದರು ಅಂತ ಹೇಳೋರು” ಅಂದರು. ಆಮೇಲೆ ಬಹಳ ಹೊತ್ತು ಏನೂ ಹೇಳಲಿಲ್ಲ. ಮನೆಯಲ್ಲಿ ಇರುವ ಯಾವ ಗುಂಪು ಫೋಟೊದಲ್ಲೂ ಅವರಿಲ್ಲ. ಅಂಥ ಹೆಂಗಸರನ್ನು ಫೋಟೊಕ್ಕೆ ಕೂರಿಸುತ್ತಿರಲಿಲ್ಲ. ಅವರ ಹೆಸರೂ ದೊಡ್ಡಪ್ಪನಿಗೆ ಗೊತ್ತಿರಲಿಲ್ಲ, ಅಜ್ಜಿ ಅಂದರೆ ಅಜ್ಜಿ. ಆ ಕೋಣೆಯನ್ನು ನಾನು ಹುಟ್ಟಿದಾಗಿನಿಂದ ‘ಕತ್ತಲೆ ಕೋಣೆ’ ಅನ್ನುತ್ತಾ ಬಂದಿದ್ದೇವೆ. ಈಗ ಅದರಲ್ಲಿ ಹಳೆಯ ಪೇಪರು, ಕೆಟ್ಟ ಮಿಕ್ಸಿ, ಗೌರಿ ಹಬ್ಬದ ಮೊರಗಳಿವೆ.

ಮತ್ತೆ ಅರ್ಜಿ ತುಂಬಿಸಲು ಕೂತೆವು. ಕಟ್ಟಿಸಿದವರು: ಆಕೆಯ ಹೆಸರು. ವರ್ಷ: 1928. ಆಧಾರ: ಎರಡಲ್ಲ, ಐದು. ಕ್ರಯಪತ್ರ, ದಾನಪತ್ರ, ಪಕ್ಕದ ಮನೆಯ ಚಕ್ಕುಬಂದಿ, ಕಂದಾಯ ರಸೀದಿ, ತೊಲೆಯ ತಿಥಿ-ವಾರ. ವೃತ್ತಿ ಅನ್ನುವ ಕಾಲಂ ಬಂದಾಗ ಪೆನ್ನು ನಿಂತಿತು. ‘ಮನೆವಾರ್ತೆ’ ಅಂತ ದಾನಪತ್ರದಲ್ಲಿದೆ, ಅದನ್ನೇ ಬರೆ ಅಂದ ನನ್ನ ತಮ್ಮ. ‘ಗೃಹಿಣಿ’ ಹಾಕಿದರೆ ಗೌರವವಾಗಿರುತ್ತದೆ ಅಂದಳು ನಾದಿನಿ. ಅಷ್ಟು ದಿನ ಮುನಿಸಿಕೊಂಡೇ ಇದ್ದ ದೊಡ್ಡಪ್ಪ ಆಗ ಬಾಯಿಬಿಟ್ಟರು.

“ವಾರದ ಹುಡುಗರಿದ್ದರಲ್ಲ!”

ಮೈಸೂರಿಗೆ ಓದಲು ಬರುತ್ತಿದ್ದ ಹಳ್ಳಿಯ ಬಡ ಹುಡುಗರಿಗೆ ವಾರಾನ್ನ ಅಂತ ಒಂದು ಏರ್ಪಾಡಿತ್ತು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಓದು ಮುಗಿಸಿದವರು ಎಷ್ಟೋ ಜನ. ನಮ್ಮ ಮನೆಯಲ್ಲಿ ಪ್ರತಿದಿನವೂ ಯಾರಾದರೊಬ್ಬ ಹುಡುಗ ಇರುತ್ತಿದ್ದನಂತೆ. ಅಡುಗೆ ಮಾಡಿ ಬಡಿಸುತ್ತಿದ್ದದ್ದು ಕೆಂಪು ಸೀರೆ ಅಜ್ಜಿ. ಊಟವಾದ ಮೇಲೆ ಅವನು ಹಿತ್ತಿಲ ಕಟ್ಟೆಯ ಮೇಲೆ ಕೂತು ಪಾಠ ಗಟ್ಟಿಯಾಗಿ ಓದಬೇಕು, ಅಜ್ಜಿ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ತಪ್ಪು ಓದಿದರೆ ಒಳಗಿನಿಂದಲೇ ತಿದ್ದುತ್ತಿದ್ದರು. ದೊಡ್ಡಪ್ಪ ಇದನ್ನು ಹೇಳುವಾಗ, ಎಪ್ಪತ್ತೈದು ವರ್ಷ ಈ ನೆನಪನ್ನು ಎಲ್ಲಿ ಇಟ್ಟಿದ್ದರು ಅಂತ ನನಗೆ ಆಶ್ಚರ್ಯ.

ಇದಕ್ಕೂ ಆಧಾರ ‘ಹಿರಿಯರ ಮಾತು’ ಮಾತ್ರ. ಬಳಗದವರು ಒಪ್ಪಲಿಲ್ಲ. ನನಗೆ ಬೇಸರವಾಯಿತು, ಆದರೆ ಜಗಳವಾಡಲಿಲ್ಲ. ಅದೇ ಕಟ್ಟುನಿಟ್ಟಿನಿಂದಲೇ ಅಲ್ಲವೇ ಅವರ ಹೆಸರು ಸಿಕ್ಕಿದ್ದು. ವೃತ್ತಿಯ ಸಾಲನ್ನು ಬಿಟ್ಟು ‘ಸ್ತ್ರೀಧನದಿಂದ ಕಟ್ಟಿಸಿದ ಮನೆ’ ಅಂತ ಹಾಕೋಣ ಅಂದರು. ಅದಕ್ಕೆ ಪತ್ರ ಇತ್ತಲ್ಲ.

ಫಲಕ ಬರುವುದಕ್ಕೆ ಐದು ತಿಂಗಳು ಹಿಡಿಯಿತು. ಮೊದಲು ಬಂದದ್ದರಲ್ಲಿ ‘ಸ್ತ್ರೀಧನ’ದ ದೀರ್ಘ ಹಾರಿ ಹೋಗಿ ‘ಸ್ತ್ರಿಧನ’ ಆಗಿತ್ತು, ವಾಪಸ್ಸು ಕಳಿಸಿದೆವು. ಒಳಗಿನಿಂದಲೇ ತಿದ್ದುತ್ತಿದ್ದ ಅಜ್ಜಿಯ ಫಲಕಕ್ಕೆ ಅಷ್ಟಾದರೂ ಮಾಡಬೇಕು. ಹಾಕಿದ ದಿನ ಸಮಾರಂಭ ಏನೂ ಇರಲಿಲ್ಲ. ಡ್ರಿಲ್ ಮಾಡುವ ಹುಡುಗ, ನಾನು, ತಮ್ಮ, ಪಕ್ಕದ ಮನೆಯವರು. ಸುಣ್ಣದ ಗಾರೆಯಲ್ಲಿ ತೂತೇನೋ ಸುಲಭವಾಗಿ ಬಿತ್ತು, ಆಮೇಲೆ ಮೊಳೆ ನಿಲ್ಲದೆ ಒಂದು ಗಂಟೆ ಒದ್ದಾಡಿದೆವು. ದೊಡ್ಡಪ್ಪ ಜಗಲಿಯ ಮೇಲೆ ಪೇಪರು ಹಿಡಿದು ಕೂತಿದ್ದರು, ತಲೆ ಎತ್ತಲಿಲ್ಲ. 1868ರ ಹೆಂಚು ಮಾತ್ರ ಹಜಾರದ ಶೋಕೇಸಿನಲ್ಲಿ ಇನ್ನೂ ಇದೆ, ಅದನ್ನು ಅಲ್ಲಿಂದ ತೆಗೆಯುವ ಧೈರ್ಯ ಮನೆಯಲ್ಲಿ ಯಾರಿಗೂ ಇಲ್ಲ.

ಮಾರನೆಯ ವಾರ ಅಂಚೆಯವರು ರಿಜಿಸ್ಟರ್ಡ್ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಬಂದರು. ನಮ್ಮ ಬೀದಿಗೆ ಹನ್ನೆರಡು ವರ್ಷದಿಂದ ಬರುವವರು, ಯಾವ ಮನೆಯಲ್ಲಿ ಯಾರಿದ್ದಾರೆ ಅಂತ ನಮಗಿಂತ ಚೆನ್ನಾಗಿ ಬಲ್ಲವರು. ಫಲಕದ ಮೇಲಿನ ಹೆಸರನ್ನು ತುಟಿ ಅಲ್ಲಾಡಿಸುತ್ತಾ ಓದಿದರು.

“ಈ ಅಮ್ಮ ಯಾರು ಸಾರ್? ಹೊಸದಾಗಿ ಬಾಡಿಗೆಗೆ ಬಂದಿದ್ದಾರಾ?”

ದೊಡ್ಡಪ್ಪ ಪೇಪರು ಮಡಚಿದರು.

“ಇಲ್ಲಪ್ಪ. ಓನರು.”